ಮುಖ ಬಾರದ ಹಾಗೆ

ನಮ್ಮಪ್ಪನದು ಚನ್ನರಾಯಪಟ್ಟಣದಲ್ಲಿ ಫೋಟೋ ಸ್ಟುಡಿಯೋ. ಹುಟ್ಟಿದಾಗಿನಿಂದ ನಾನು ಅಲ್ಲಿ ನೋಡಿದ್ದು ಎರಡೇ ಬಗೆಯ ಜೋಡಿ ಫೋಟೋ. ಮದುವೆಗೆ ಮುಂಚೆ ಶ್ರವಣಬೆಳಗೊಳದ ಕಡೆ ಯಾವುದಾದರೂ ಕೆರೆ ಏರಿಯ ಮೇಲೆ ಕೈ ಕೈ ಹಿಡಿದು ಓಡಿ ಬರುವ ಹುಡುಗ ಹುಡುಗಿ. ಮದುವೆಯ ದಿನ ಬಾಸಿಂಗ ಕಟ್ಟಿಕೊಂಡು ಬೆವರು ಸುರಿಸುವ ಅದೇ ಹುಡುಗ ಹುಡುಗಿ. ಆಮೇಲೆ ಅವರಿಬ್ಬರೂ ಜೊತೆಯಾಗಿ ನಮ್ಮ ಅಂಗಡಿ ಮೆಟ್ಟಿಲು ಹತ್ತುವುದು ಮಗುವಿನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ. ನಡುವೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಮಗು ಬಂದಿದೆಯಲ್ಲ, ಏನೋ ಆಗಿರಬೇಕು ಬಿಡಿ.

ಆ ನಡುವಿನದನ್ನೇ ತೆಗೆಯಿರಿ ಅಂದರು ನಮ್ಮ ಮೇಡಂ. ಹಾಸನದ ಕಾಲೇಜಿನಲ್ಲಿ ನನ್ನದು ಕಲೆಯ ಕೊನೆಯ ವರ್ಷ, ವಿಷಯ ಫೋಟೋಗ್ರಫಿ. ಮಾನವ ಲೈಂಗಿಕತೆಯ ಮೇಲೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಮೇಡಂ ಬೋರ್ಡಿನ ಮೇಲೆ ಆ ಪದ ಬರೆದ ತಕ್ಷಣ ಹಿಂದಿನ ಬೆಂಚಿನವನೊಬ್ಬ ಕೆಮ್ಮಿದ, ಅವನ ಕೆಮ್ಮಿಗೆ ಇಡೀ ಕ್ಲಾಸು ಕಿಸಕ್ಕೆಂದಿತು. ಮೇಡಂ ನಗಲಿಲ್ಲ. "ಬಟ್ಟೆ ಬಿಚ್ಚಿದ್ದನ್ನ ತೆಗೀರಿ ಅಂತ ನಾನು ಹೇಳ್ತಿಲ್ಲ. ಒಬ್ಬರನ್ನೊಬ್ಬರು ಹೇಗೆ ಮುಟ್ತಾರೆ, ಅದನ್ನ ತೆಗೀರಿ. ನಿಜವಾದ ಜೋಡಿಗಳು ಬೇಕು. ವಯಸ್ಸಿಗೆ ಬಂದವರು, ಒಪ್ಪಿ ಸಹಿ ಹಾಕಿದವರು. ದಸರಾ ಮುಗಿದ ಮೇಲೆ ಎಲ್ಲರೂ ತಂದು ತೋರಿಸಬೇಕು" ಅಂದರು.

ಮನೆಯಲ್ಲಿ ನಾನು "ಕುಟುಂಬ ಜೀವನದ ಮೇಲೆ ಏನೋ ಪ್ರಾಜೆಕ್ಟ್" ಅಂತ ಹೇಳಿದೆ. ಪೂರ್ತಿ ಸುಳ್ಳೇನೂ ಅಲ್ಲವಲ್ಲ. ಅಪ್ಪ ಹೆಮ್ಮೆಯಿಂದ ತನ್ನ ಎರಡನೇ ಕ್ಯಾಮೆರಾ ಕೊಟ್ಟ. ಅದನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆ ಸುತ್ತಿದ್ದೇ ಸುತ್ತಿದ್ದು. ಅರಕಲಗೂಡಿನಲ್ಲಿರುವ ನಮ್ಮ ಸೋದರತ್ತೆಯನ್ನು ಮೊದಲು ಕೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಥೂ, ನಾಚ್ಕೆಗೆಟ್ಟೋಳೆ! ನಿಮ್ಮ್ ಮೇಡಂಗೆ ಗಂಡ ಇಲ್ವಾ? ಓಗಿ ಅವ್ರುದ್ನೇ ತೆಗಿ, ಓಗು" ಅಂತ ಬಾಗಿಲು ತೋರಿಸಿದಳು. ನಿಮ್ಮಪ್ಪನಿಗೆ ಹೇಳುತ್ತೇನೆ ಅಂತಲೂ ಸೇರಿಸಿದಳು. ಆಮೇಲೆ ವಾರಗಟ್ಟಲೆ ಅಪ್ಪನ ಫೋನ್ ಬಂದಾಗಲೆಲ್ಲ ಅತ್ತೆ ಹೇಳಿಬಿಟ್ಟಳು ಅಂದುಕೊಳ್ಳುತ್ತಿದ್ದೆ.

ಕೊನೆಗೆ ಒಪ್ಪಿದವರು ಮೂರು ಜೋಡಿ. ಮೊದಲನೆಯವರು ಹೊಳೆನರಸೀಪುರದಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಮತ್ತು ಅವಳ ಗಂಡ. ಭಾವ ಮಹಡಿಯ ಮೇಲೆ ಕೂತು ಅವಳ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದ. ಅವರಿಬ್ಬರೂ ದಿನಾ ಮಾಡುವ ಕೆಲಸ ಅದು, ಆದರೆ ಕೆಳಗಿರುವ ಅವಳ ಅತ್ತೆಗೆ ಗೊತ್ತಿಲ್ಲ. ಅತ್ತೆ ಒಮ್ಮೆ ಕೆಮ್ಮಿದರೆ ಭಾವ ಬಾಚಣಿಗೆಯನ್ನು ದಿಂಬಿನ ಕೆಳಗೆ ತೂರಿಸುತ್ತಿದ್ದ. ಮದುವೆಯಾಗಿ ಆರು ವರ್ಷವಾದ ಗಂಡಸು! ನನಗೆ ನಗು ಬಂತು, ಆದರೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಅವರಿಗಿಂತ ಮೊದಲು ಕ್ಯಾಮೆರಾವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡವಳು ನಾನೇ.

ಎರಡನೆಯವರು ಅರಕಲಗೂಡಿನಲ್ಲಿ, ಅದೇ ಸೋದರತ್ತೆಯ ಪಕ್ಕದ ಬೀದಿಯ ಅಜ್ಜ ಅಜ್ಜಿ. ಅಜ್ಜಿ ವಾರಕ್ಕೊಮ್ಮೆ ಅಜ್ಜನ ಬೆನ್ನಿಗೆ ಎಣ್ಣೆ ತಿಕ್ಕುತ್ತಾಳೆ. ಕ್ಯಾಮೆರಾ ಮುಂದೆ ಅವಳ ಕೈ ಗಡಗಡ ನಡುಗಿತು. "ಐವತ್ತ್ ವರ್ಸದಿಂದ ತಿಕ್ತಾವ್ಳೆ, ಯಾರ್ ಮುಂದೂ ತಿಕ್ಕಿರ್ಲಿಲ್ಲ, ಅದ್ಕೇ ಇಂಗ್ ನಡುಗ್ತಾವ್ಳೆ" ಅಂದ ಅಜ್ಜ. ಅಜ್ಜಿ ಅವನ ಬೆನ್ನಿಗೆ ಒಂದು ಗುದ್ದಿದಳು. ಆ ಗುದ್ದು ಚೆನ್ನಾಗಿ ಬಂದಿದೆ ಫೋಟೋದಲ್ಲಿ.

ಮೂರನೆಯವರ ಬಗ್ಗೆ ಬರೆಯಲು ಈಗಲೂ ನನಗೆ ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ತಪ್ಪು ನನ್ನದು.

ಅವಳು ಹಾಸನದ ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದವಳು, ನನಗಿಂತ ಒಂದು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಅನ್ನುತ್ತಾಳೆ. ಊರು ನಮ್ಮ ತಾಲ್ಲೂಕಿನದೇ, ಬಾಗೂರಿನ ಕಡೆ. ತಲೆತಲಾಂತರದಿಂದ ಜಮೀನು ಇರುವ ಮನೆ, ಅಣ್ಣ ದೊಡ್ಡಪ್ಪ ಎಲ್ಲ ಊರಿನಲ್ಲಿ ನಾಲ್ಕು ಜನ ಕೇಳುವಂಥವರು. ಅವಳು ಮದುವೆಯಾದ ಹುಡುಗ ಹೊಳೆನರಸೀಪುರದ ಕಡೆಯವನು, ಹಾಸನದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವನ ಮನೆ ಊರಾಚೆಯ ಕೇರಿಯಲ್ಲಿ, ಅವನ ತಂದೆ ಬೌದ್ಧರಾದವರು. ಅಷ್ಟು ಹೇಳಿದರೆ ಈ ಜಿಲ್ಲೆಯಲ್ಲಿ ಬೇರೆ ವಿವರಣೆ ಬೇಕಿಲ್ಲ. ಮನೆಯಲ್ಲಿ ಅವಳಿಗೆ ಗಂಡು ಗೊತ್ತುಮಾಡಿದ ವಾರವೇ ಹೊರಟು ಬಂದು ರಿಜಿಸ್ಟರ್ ಮದುವೆಯಾಗಿದ್ದಳು. ಮನೆಯವರು ಅವಳು ಬೆಂಗಳೂರಿನಲ್ಲಿದ್ದಾಳೆ ಅಂದುಕೊಂಡು ಅಲ್ಲಿ ಹುಡುಕುತ್ತಿದ್ದರು. ಅವಳಿದ್ದದ್ದು ಊರಿನಿಂದ ಒಂದು ಗಂಟೆಯ ಬಸ್ ದಾರಿಯ ಹಾಸನದಲ್ಲಿ, ಒಂದು ಮನೆಯ ಹಿಂದುಗಡೆಯ ಒಂಟಿ ರೂಮಿನಲ್ಲಿ.

ನಾನು ಕೇಳಲೇ ಇಲ್ಲ, ಅವಳೇ ಕೇಳಿದಳು. ಪ್ರಾಜೆಕ್ಟಿನ ವಿಷಯ ಮಾತಿಗೆ ಬಂದಾಗ "ನಮ್ದು ಒಂದೂ ಫೋಟೋ ಇಲ್ಲ ಅಕ್ಕ. ರಿಜಿಸ್ಟ್ರಾರ್ ಆಫೀಸಿಗೆ ಕೊಟ್ಟಿದ್ದು ಬುಟ್ರೆ. ಮುಕ ಬರ್ದಂಗೆ ತೆಗೀತೀರಾ?" ಅಂದಳು. ಅವಳ ಗಂಡ ಬೇಡ ಅಂದ. ಅವಳು ಹಟ ಹಿಡಿದಳು. ನಾನು ನಮ್ಮ ಮನೆದೇವರ ಮೇಲೆ ಆಣೆ ಇಟ್ಟು, ನಿಮ್ಮಿಬ್ಬರ ಮುಖ ಒಂದರಲ್ಲೂ ಬರುವುದಿಲ್ಲ ಅಂದೆ. ಅವನು ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ, "ಮುಖ ಇರುವುದಿಲ್ಲ" ಅಂತ ತನ್ನ ಕೈಯಾರೆ ಬರೆದು ಸಹಿ ಹಾಕಿದ.

ಆ ರೂಮಿನಲ್ಲಿ ಒಂದು ಮಂಚ, ಒಂದು ಸ್ಟವ್, ಗೋಡೆಯಲ್ಲಿ ಬುದ್ಧನ ಪಟ. ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಹೊರಗೆ ಗೇಟಿನ ಚಿಲಕ ಸದ್ದಾದರೆ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗುತ್ತಿದ್ದರು. ಹಾಲಿನವನು ಅಂತ ಗೊತ್ತಾದ ಮೇಲೂ ಅವನ ಕೈ ಅವಳ ಮಣಿಕಟ್ಟನ್ನು ಬಿಡುತ್ತಿರಲಿಲ್ಲ. ಆ ಕೈಯ ಫೋಟೋ ತೆಗೆದೆ. ಮಂಚದ ಅಂಚಿನಲ್ಲಿ ಒಂದರ ಮೇಲೊಂದು ಇಟ್ಟ ನಾಲ್ಕು ಪಾದ ತೆಗೆದೆ. ಅವಳ ಕತ್ತಿನ ಹಿಂದೆ ರವಿಕೆಯ ದಾರ ಕಟ್ಟುವ ಅವನ ಬೆರಳು ತೆಗೆದೆ. ಆ ರೂಮಿನಲ್ಲಿ ಪ್ರೀತಿ ಯಾವುದು, ಭಯ ಯಾವುದು ಅಂತ ಬಿಡಿಸಿ ಹೇಳುವುದು ನನ್ನಿಂದ ಆಗಲಿಲ್ಲ.

ಕೊನೆಯಲ್ಲಿ ಅವನು ಹಿಂದಿನಿಂದ ಅವಳ ಹೆಗಲ ಮೇಲೆ ಗಲ್ಲ ಇಟ್ಟ. ಅವಳ ಮುಖ ಗೋಡೆ ಕಡೆಗಿತ್ತು, ಎಲ್ಲ ಸರಿಯಾಗಿತ್ತು. ಅವನ ಎರಡು ದಿನದ ಗಡ್ಡ ಚುಚ್ಚಿತೋ ಏನೋ, ಅವಳಿಗೆ ಕಚಗುಳಿಯಾಗಿ ತಲೆ ಹಿಂದಕ್ಕೆ ಹಾಕಿ ನಕ್ಕುಬಿಟ್ಟಳು. ಪೂರ್ತಿ ಮುಖ ಕಿಟಕಿಯ ಬೆಳಕಿಗೆ ಬಂತು. ನನ್ನ ಬೆರಳು ನನ್ನನ್ನು ಕೇಳಲಿಲ್ಲ, ಒತ್ತಿತು. ಅವರಿಗೆ ಗೊತ್ತೂ ಆಗಲಿಲ್ಲ.

ಅಲ್ಲೇ ಅಳಿಸಬೇಕಿತ್ತು. ಅಳಿಸಲಿಲ್ಲ. ಹಾಸ್ಟೆಲಿಗೆ ಬಂದು ನೋಡಿದರೆ ನಾನು ಅದುವರೆಗೆ ತೆಗೆದ ಎಲ್ಲ ಫೋಟೋಗಳಲ್ಲಿ ಅದಕ್ಕಿಂತ ಒಳ್ಳೆಯದು ಒಂದಿರಲಿಲ್ಲ. ಇನ್ನೊಂದು ದಿನ ನೋಡಿ ಅಳಿಸಿದರಾಯಿತು ಅಂದುಕೊಂಡೆ. ಆ ಇನ್ನೊಂದು ದಿನ ಮೂರು ವಾರವಾಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಅದು ನನ್ನನ್ನೇ ನೋಡಿ ಕಟ್ಟಿದ ಗಾದೆ. ಮೂರೂ ಜೋಡಿಗಳ ಫೋಟೋಗಳ ಜೊತೆ ಅದನ್ನೂ ಒಂದು ಪೆನ್‌ಡ್ರೈವಿಗೆ ಹಾಕಿದೆ. ಒಟ್ಟು ನಲವತ್ತೆಂಟು ಫೋಟೋ. ಕ್ಲಾಸಿಗೆ ಹೋಗುವ ಮುಂಚೆ ಅದೊಂದನ್ನು ಅಳಿಸಿಬಿಡುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ.

ಇನ್ನು ಪೆನ್‌ಡ್ರೈವಿನ ವಿಷಯ ಹೇಳಬೇಕು. ಅಪ್ಪ ಪೆನ್‌ಡ್ರೈವ್‌ಗಳನ್ನು ಡಬ್ಬಿಗಟ್ಟಲೆ ತರುತ್ತಾನೆ, ಎಲ್ಲ ಒಂದೇ ತರಹದ ಕಪ್ಪು ಬಣ್ಣದವು. ಮದುವೆ ಫೋಟೋಗಳನ್ನು ಒಂದಕ್ಕೆ ತುಂಬಿ ಅಂಗಡಿಯ ಟಿವಿಗೆ ಚುಚ್ಚುತ್ತಾನೆ. ಐದು ಸೆಕೆಂಡಿಗೊಂದರಂತೆ ಫೋಟೋಗಳು ಇಡೀ ದಿನ ಸುತ್ತುತ್ತಿರುತ್ತವೆ. ಟಿವಿ ಎಡಗೋಡೆಗೆ, ರಸ್ತೆಗೆ ಕಾಣುವ ಹಾಗೆ. ಹೋಗಿ ಬರುವವರು ನಿಂತು ನೋಡಲಿ, ನಮ್ಮಲ್ಲೇ ಮದುವೆ ಬುಕ್ ಮಾಡಲಿ ಅಂತ. ನಮ್ಮ ಕಡೆ ಎಲ್ಲ ಸ್ಟುಡಿಯೋಗಳಲ್ಲೂ ಹೀಗೇ. ಅಪ್ಪನ ಪೆನ್‌ಡ್ರೈವ್‌ಗಳಿಗೆ ಹೋದ ವರ್ಷದ ಆಯುಧಪೂಜೆಯ ಕುಂಕುಮ ಸಂದಿಯಲ್ಲಿ ಮೆತ್ತಿಕೊಂಡಿತ್ತು, ಎಷ್ಟು ಒರೆಸಿದರೂ ಹೋಗಿರಲಿಲ್ಲ. ನನ್ನದು ಅದೇ ಡಬ್ಬಿಯ ಹೊಸದು, ಕುಂಕುಮ ಇಲ್ಲದ್ದು. ಅದೇ ನನ್ನ ಗುರುತು. ಒಂದು ಚೀಟಿ ಅಂಟಿಸಲು ನನಗೇನು ರೋಗವಾಗಿತ್ತು?

ಆಯುಧಪೂಜೆಗೆ ಊರಿಗೆ ಬಂದೆ. ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು ಅಂಗಡಿಗೆ ಬರುವಷ್ಟರಲ್ಲಿ ಅಪ್ಪ ಕ್ಯಾಮೆರಾ, ಲೆನ್ಸು, ಫ್ಲಾಶು, ಬ್ಯಾಟರಿ, ಪೆನ್‌ಡ್ರೈವು ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿದ್ದ. ಎಲ್ಲಕ್ಕೂ ವಿಭೂತಿ, ಅರಿಶಿನ, ನಡುವೆ ದುಂಡಗೆ ಕುಂಕುಮ. "ನಿನ್ ಬ್ಯಾಗಿಂದೂ ಎಲ್ಲಾ ತೆಗ್ದು ಇಟ್ಟಿವ್ನಿ ಕಣವ್ವ. ನಿನ್ನ್ ಆಯ್ದಕ್ಕೂ ಪೂಜೆ ಆಗ್ಬೇಕಲ್ಲ, ನೀನೂ ಇನ್ಮೇಲೆ ಫೋಟೋಗ್ರಾಫರು" ಅಂದ. ಅಷ್ಟು ಪ್ರೀತಿಯಿಂದ ಹೇಳಿದ. ನಾನು ಖುಷಿಯಿಂದ ಮಂಗಳಾರತಿ ತೆಗೆದುಕೊಂಡೆ, ಕಡಲೆಪುರಿ ತಿಂದೆ. ಸಾಲಿನಲ್ಲಿ ಎಲ್ಲ ಪೆನ್‌ಡ್ರೈವ್‌ಗಳ ಹಣೆಗೂ ಒಂದೇ ತರಹದ ಕುಂಕುಮ ಇದ್ದದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪೂಜೆ ಮಾಡಿದ್ದನ್ನು ವಿಜಯದಶಮಿ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ಸಂಜೆ ಅಪ್ಪ ಎಲೆ ಎತ್ತಿ, ನನ್ನ ಸಾಮಾನನ್ನು ನನ್ನ ಬ್ಯಾಗಿಗೆ ಹಾಕಿಟ್ಟ.

ಅದರ ಮರುದಿನ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹಾಸನಕ್ಕೆ ಹೋದೆ. ಕ್ಲಾಸಿನಲ್ಲಿ ಕಂಪ್ಯೂಟರ್ ಮುಂದೆ ಎಲ್ಲರಿಗಿಂತ ಮೊದಲೇ ಕೂತೆ, ಆ ಒಂದು ಫೋಟೋ ತೆಗೆದುಹಾಕಲು. ಪೆನ್‌ಡ್ರೈವ್ ತೆರೆದೆ. ಒಬ್ಬಳು ಮದುಮಗಳು ಅಕ್ಕಿ ತುಂಬಿದ ಸೇರನ್ನು ಒದೆಯುತ್ತಿದ್ದಳು. ಮುಂದಿನದರಲ್ಲಿ ಅವಳ ಮಾವ ತಾಂಬೂಲ ಹಿಡಿದು ನಿಂತಿದ್ದ. ಹಿಂದೆ ಬಂದು ನಿಂತ ಆ ಕೆಮ್ಮಿನವನು, "ಇದೇನೇ, ನಿನ್ನ ಪ್ರಾಜೆಕ್ಟು ಬೀಗರ ಔತಣದಿಂದ ಶುರುವಾಗುತ್ತಾ?" ಅಂದ. ಎಲ್ಲರೂ ನಕ್ಕರು. ಗೋಡೆ ಗಡಿಯಾರದಲ್ಲಿ ಹತ್ತೂಕಾಲು. ಅಪ್ಪ ಅಂಗಡಿ ತೆಗೆಯುವುದು ಹತ್ತಕ್ಕೆ. ಷಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಟಿವಿಗೆ ಪೆನ್‌ಡ್ರೈವ್ ಚುಚ್ಚುತ್ತಾನೆ. ಆಮೇಲೇ ಬೇರೆ ಕೆಲಸ.

ಅಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಂಗಡಿಯ ಪಕ್ಕದ ಮೊಬೈಲ್ ರಿಪೇರಿಯವನ ನಂಬರ್ ನನ್ನಲ್ಲಿತ್ತು. ಒತ್ತುವ ಮುಂಚೆ ಹೊಳೆಯಿತು, ಟಿವಿ ಆಫ್ ಮಾಡಿ ಅಂದರೆ ಅವನು ಮೊದಲು ಟಿವಿ ನೋಡುತ್ತಾನೆ. ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಮೇಡಂ ಹಿಂದಿನಿಂದ ಕರೆದದ್ದು ಕೇಳಿಸಿತು, ತಿರುಗಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ "ಆಧಾರ್ ತೆಗಿಯಮ್ಮ" ಅಂತ ಮೂರು ಸಲ ಕೇಳಿದ ಮೇಲೆ ನನಗೆ ಕೇಳಿಸಿತು. ಅವನು ಕೊಟ್ಟ ಫ್ರೀ ಟಿಕೆಟನ್ನು ಬೆರಳಲ್ಲಿ ಸುತ್ತಿ ಸುತ್ತಿ ಪುಡಿ ಮಾಡಿದೆ. ತಲೆಯೊಳಗೆ ಒಂದೇ ಲೆಕ್ಕ. ನಲವತ್ತೆಂಟು ಫೋಟೋ, ಐದೈದು ಸೆಕೆಂಡು. ನಾಲ್ಕು ನಿಮಿಷಕ್ಕೊಂದು ಸಲ ಅವಳ ಮುಖ ಚನ್ನರಾಯಪಟ್ಟಣದ ರಸ್ತೆಗೆ ನಗುತ್ತದೆ, ಹೆಗಲ ಮೇಲೆ ಅವನ ಗಲ್ಲ ಇಟ್ಟುಕೊಂಡು. ಅವಳ ಊರಿನವರು ಗೊಬ್ಬರಕ್ಕೆ, ಬ್ಯಾಂಕಿಗೆ, ಆಸ್ಪತ್ರೆಗೆ ಬರುವುದು ನಮ್ಮ ಪೇಟೆಗೇ. ಬಸ್ಸು ಶಾಂತಿಗ್ರಾಮದಲ್ಲಿ ನಿಂತಿತು. ಒಬ್ಬಳು ಅಜ್ಜಿ ಬುಟ್ಟಿ ಇಳಿಸಿಕೊಳ್ಳಲು ಹೊತ್ತು ಮಾಡಿದಳು, ಅಷ್ಟರಲ್ಲಿ ಇನ್ನೊಂದು ಸುತ್ತು ಮುಗಿಯಿತು ಅಂತ ಎಣಿಸಿದೆ. ಆ ಹುಡುಗಿಗೆ ಫೋನ್ ಮಾಡಬೇಕು ಅಂತ ನಂಬರ್ ತೆಗೆದೆ. ಏನು ಅಂತ ಹೇಳುವುದು? ಮಾಡಲಿಲ್ಲ. ದೇವರೇ, ಕರೆಂಟು ಹೋಗಲಿ ಅಂತ ಬೇಡಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಹಾಗೆ ಬೇಡಿಕೊಂಡದ್ದು.

ಇಳಿದು ಓಡಿ ಬಂದರೆ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಹಾಡಹಗಲು ಅಪ್ಪ ಷಟರ್ ಇಳಿಸಿದ್ದನ್ನು ನಾನು ಕಂಡದ್ದು ನಮ್ಮಜ್ಜಿ ಸತ್ತ ದಿನ ಮಾತ್ರ. ಬಗ್ಗಿ ಒಳಗೆ ನುಗ್ಗಿದೆ. ದೀಪ ಇಲ್ಲ, ಫ್ಯಾನ್ ಇಲ್ಲ. ಟಿವಿ ಕಪ್ಪಗಿತ್ತು. ಅಪ್ಪ ಸ್ಟೂಲಿನ ಮೇಲೆ ಒಬ್ಬನೇ ಕೂತಿದ್ದ, ಅಂಗೈಯಲ್ಲಿ ಪೆನ್‌ಡ್ರೈವ್ ಇತ್ತು.

"ಸೆಟ್ರು ಪೂರ್ತಿ ಎಳಿ" ಅಂದ. ಎಳೆದೆ.

"ಫೋನ್ ಯಾಕಪ್ಪ ಎತ್ಲಿಲ್ಲ?"

"ಫೋನಲ್ಲಿ ಆಡೋ ಮಾತಾ ಇದು? ಕೂತ್ಕೊ."

ಅಪ್ಪ ಹೇಳಿದ್ದಿಷ್ಟು. ಬೆಳಿಗ್ಗೆ ಪೆನ್‌ಡ್ರೈವ್ ಚುಚ್ಚುವ ಹೊತ್ತಿಗೇ ಒಬ್ಬ ಗಿರಾಕಿ ಬಂದ. ಬಾಗೂರಿನ ಕಡೆಯವನು, ಮೂವತ್ತರ ಆಸುಪಾಸು, ಬಿಳಿ ಅಂಗಿ. ಹೋದ ವರ್ಷ ತಂಗಿಯನ್ನು ಕರೆದುಕೊಂಡು ಬಂದು ಗಂಡಿನ ಕಡೆಯವರಿಗೆ ತೋರಿಸಲು ಫೋಟೋ ತೆಗೆಸಿದ್ದ. ಅದರದೇ ನಾಲ್ಕು ಪ್ರಿಂಟ್ ಬೇಕು ಅಂದ. ತಂಗಿ ಮನೆ ಬಿಟ್ಟು ಹೋಗಿದ್ದಾಳೆ, ಕೈಯಲ್ಲಿ ಫೋಟೋ ಹಿಡಿದು ಹುಡುಕಬೇಕು. ಅಪ್ಪ ಹಳೆಯ ಫೋಲ್ಡರ್ ತೆಗೆದು ಆ ಹುಡುಗಿಯ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಅವನು ಹೇಗಿದ್ದರೂ ಬಂದಿದ್ದೀನಲ್ಲ, ನನ್ನದೂ ಪಾಸ್‌ಪೋರ್ಟ್ ಸೈಜು ಒಂದು ತೆಗೆದುಬಿಡಿ ಸಾ ಅಂದು, ಬಲಗೋಡೆಯ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳತೊಡಗಿದ. ಅಪ್ಪ ತಲೆ ಎತ್ತಿದ. ಎದುರಿಗೆ ಟಿವಿಯಲ್ಲಿ ಅದೇ ಹುಡುಗಿ.

"ಇಲ್ಲಿ ಕಂಪ್ಯೂಟರಲ್ಲೂ ಅವ್ಳೆ, ಅಲ್ಲಿ ಟಿವೀಲೂ ಅವ್ಳೆ. ಎದೆ ಧಸಕ್ ಅಂತು ಕಣವ್ವ. ರಿಮೋಟ್ ಎಲ್ಲೈತೆ ಅಂತ ಉಡ್ಕದ್ಯಾರು? ಮೇನ್ ಆಫ್ ಮಾಡ್ಬುಟ್ಟೆ. ಕರೆಂಟ್ ಓಯ್ತು ಕಣಪ್ಪ, ಸಂಜೀಕೆ ಬಾ ಅಂದೆ."

"ಅವನು ನೋಡಿದ್ನಾ?"

"ಟಿವಿ ಕಡೆ ಬೆನ್ನ್ ಆಕಿದ್ದ." ಅಪ್ಪ ಬಲಗೋಡೆಯ ಕಡೆ ತಿರುಗಿದ. "ಆದ್ರೆ ಮುಂದ್ಗಡೆ ಕನ್ನಡಿ ಇತ್ತಲ್ಲ."

ನನಗೆ ಅಳು ಬಂತು. ಅಳುತ್ತಲೇ ಪ್ರಾಜೆಕ್ಟು, ಮೇಡಂ, ಆಣೆ, ಆ ರೂಮು ಎಲ್ಲ ಹೇಳಿದೆ. ಲೈಂಗಿಕತೆ ಅನ್ನುವ ಪದವನ್ನೂ ಅಪ್ಪನ ಮುಂದೆ ಹೇಳಿಬಿಟ್ಟೆ, ಆ ಹೊತ್ತಿಗೆ ಅದಕ್ಕೆ ನಾಚಿಕೆಪಡುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಜೋರು ಮಾಡುತ್ತಿದ್ದೆ, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಮುಕ ತೆಗ್ಯಕಿಲ್ಲ ಅಂತ ಮಾತ್ ಕೊಟ್ಟಿದ್ದಾ?"

"ಹೂಂ."

"ಮತ್ತೆ?"

"ಚೆನ್ನಾಗಿತ್ತಪ್ಪ."

"ಚೆನ್ನಾಗೈತೆ" ಅಂದ ಅಪ್ಪ. ಪೆನ್‌ಡ್ರೈವನ್ನು ನನ್ನ ಕೈಗೆ ಹಾಕಿದ. "ಹೋದ್ ವರ್ಸ ಇದೇ ಸ್ಟೂಲ್ ಮೇಲೆ ಕೂರ್ಸಿ ಆ ಮಗುನ ನಗ್ಸಕ್ಕೆ ಅರ್ದ ಗಂಟೆ ಒದ್ದಾಡಿದ್ದೆ ಕಣವ್ವ. ಜಪ್ಪಯ್ಯ ಅಂದ್ರೂ ನಗ್ಲಿಲ್ಲ. ಎಲ್ರುನ್ನೂ ನಗ್ಸಿವ್ನಿ ನಾನು, ಅವ್ಳುನ್ನ ಆಗ್ಲಿಲ್ಲ."

ಅಲ್ಲೇ ಕೂತು ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಎಲ್ಲ ಹೇಳಿದೆ, ಏನೂ ಮುಚ್ಚಿಡಲಿಲ್ಲ.

"ಅಕ್ಕ, ಮುಕ ಬರಕಿಲ್ಲ ಅಂದಿದ್ರಿ."

"ತಪ್ಪಾಯ್ತು."

"ಅಣ್ಣ ನೋಡ್ಬುಟ್ನಾ?"

"ಗೊತ್ತಿಲ್ಲ."

ಅವಳು ಗಂಡನಿಗೆ ಏನೋ ಹೇಳಿದ್ದು ಕೇಳಿಸಿತು. ಸೂಟ್‌ಕೇಸಿನದೋ ಏನೋ, ಜಿಪ್ ಎಳೆದ ಸದ್ದು. ಆಮೇಲೆ ಮತ್ತೆ ಅವಳ ದನಿ. "ಅದ್ರಲ್ಲಿ ಎಂಗಿವ್ನಿ ಅಕ್ಕ?"

"ನಗ್ತಿದ್ದೀಯ."

"ಅಳ್ಸ್‌ಬುಡಿ" ಅಂದಳು. ಫೋನ್ ಇಟ್ಟಳು. ಅವರು ಅವತ್ತು ಮಧ್ಯಾಹ್ನವೇ ರೂಮು ಬಿಟ್ಟರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಕೇಳುವ ಮುಖ ನನಗೆಲ್ಲಿತ್ತು? ಇದನ್ನು ಬರೆಯುವ ಹೊತ್ತಿಗೂ ಆ ನಂಬರಿಗೆ ಫೋನ್ ಹೋಗುವುದಿಲ್ಲ.

ಪೆನ್‌ಡ್ರೈವಿನಿಂದ ಅಳಿಸಿದೆ, ಕಾರ್ಡಿನಿಂದ ಅಳಿಸಿದೆ, ನನ್ನ ಲ್ಯಾಪ್‌ಟಾಪಿನಿಂದ ಅಳಿಸಿದೆ. ಅವರಿಬ್ಬರ ಉಳಿದ ಫೋಟೋಗಳನ್ನೂ ಅಳಿಸಿದೆ, ಪಾದ, ಬೆರಳು, ಮಣಿಕಟ್ಟು ಎಲ್ಲ. ಅಳಿಸುವಾಗ ಅಪ್ಪ ಹಿಂದೆ ನಿಂತು ನೋಡುತ್ತಿದ್ದ. ನಾಲ್ಕು ಪ್ರಿಂಟ್ ಕೊಡಬೇಡ ಅಂತ ಅವನನ್ನು ಬೇಡಿಕೊಂಡೆ. "ಕೊಡಕಿಲ್ಲ ಅಂದ್ರೆ ಯಾಕೆ ಅಂತಾನೆ. ಏನಂತ ಏಳ್ಲಿ?" ಅಂದ. ಮೇನ್ ಆನ್ ಮಾಡಿ ಪ್ರಿಂಟ್ ಹಾಕಿ ಕವರಿಗೆ ಹಾಕಿಟ್ಟ.

ಸಂಜೆ ಐದಕ್ಕೆ ಅವಳ ಅಣ್ಣ ಬಂದ. ನಾನು ಕೌಂಟರಿನಲ್ಲೇ ಇದ್ದೆ, ಎದ್ದು ಹೋದರೆ ಅನುಮಾನ ಬರುತ್ತದೆ ಅಂತ ಏಳಲಿಲ್ಲ. ದೊಡ್ಡ ಮೀಸೆ, ಕೆಂಗಣ್ಣು ಏನಾದರೂ ಇರುತ್ತದೆ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಸೊರಗಿದ ಮುಖ, ಕೈಯಲ್ಲಿ ಬೈಕಿನ ಕೀಲಿ. ಮೂಗು ಮಾತ್ರ ಅವಳದೇ. ಅವನು ನನ್ನನ್ನು ಒಮ್ಮೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಪೆನ್‌ಡ್ರೈವ್ ಇದ್ದ ಜೇಬು ಮುಟ್ಟಿಕೊಂಡೆ.

"ಟಿವಿ ಆಕಿಲ್ವಾ ಸಾ? ಬೆಳಿಗ್ಗೆ ಆಕಿದ್ರಿ" ಅಂದ.

"ಕೆಟ್ಟೋಗದೆ" ಅಂದ ಅಪ್ಪ. ದನಿ ಸ್ವಲ್ಪವೂ ಅಲುಗಲಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಅವನು ಕವರಿನಿಂದ ಪ್ರಿಂಟುಗಳನ್ನು ತೆಗೆದು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟ. ನಾಲ್ಕರಲ್ಲೂ ಒಂದೇ ಮುಖ. ಸೀರೆ ಉಟ್ಟು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಸೆಟೆದು ಕೂತಿದ್ದಾಳೆ. ಅವನು ತುಂಬ ಹೊತ್ತು ನೋಡಿದ.

"ಇದ್ರಲ್ಲಿ ನಗ್ತಾನೇ ಇಲ್ವಲ್ಲ ಸಾ" ಅಂದ. ಆಮೇಲೆ ತಲೆ ಎತ್ತದೆ ಕೇಳಿದ, "ನಗೋ ಫೋಟೋ ಯಾವ್ದೂ ಇಲ್ವಾ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ.

"ಇಲ್ಲ ಕಣಪ್ಪ. ತೆಗ್ದಿದ್ದೇ ಇದೊಂದು."

"ಚಿಕ್ಕೋಳಾಗಿದ್ದಾಗ ಬಾಳ ನಗೋಳು" ಅಂದ ಅವನು. ನಾಲ್ಕನ್ನೂ ಜೋಡಿಸಿ ಕವರಿಗೆ ಹಾಕಿ, ಅಂಗಿಯ ಒಳಗೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದ. ಬೈಕ್ ಹೊರಟ ಸದ್ದು ಕೇಳಿತು. ಹಾಸನದ ಕಡೆಗೋ ಊರಿನ ಕಡೆಗೋ ಎದ್ದು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಅಪ್ಪ ಎದ್ದು ಟಿವಿ ಆನ್ ಮಾಡಿದ. ಬೇರೆ ಒಂದು ಪೆನ್‌ಡ್ರೈವ್ ಟಿವಿಗೆ ಚುಚ್ಚಿ ಯಾರದೋ ಮದುವೆ ಹಾಕಿದ. ನನ್ನನ್ನು ಕನ್ನಡಿಯ ಮುಂದೆ, ಬೆಳಿಗ್ಗೆ ಅವಳ ಅಣ್ಣ ನಿಂತಿದ್ದ ಕಡೆ ನಿಲ್ಲಿಸಿ ಕೈಗೆ ಬಾಚಣಿಗೆ ಕೊಟ್ಟ.

"ತಲೆ ಬಾಚು" ಅಂದ. ಬಾಚಿದೆ.

"ಟಿವಿ ಕಾಣ್ತದಾ?"

"ಕಾಣುತ್ತಪ್ಪ."

"ಮುಕ?"

ಕನ್ನಡಿಯಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಯಾರೋ ಮದುಮಗಳು ತಲೆ ಬಗ್ಗಿಸಿ ಕೂತಿದ್ದಳು. ಅವಳ ಮೂಗುತಿಯ ಕಲ್ಲು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು.

"ಮುಖಾನೂ ಕಾಣುತ್ತೆ" ಅಂದೆ.